ನೊರೆ ಸೋಪಿನ ಬಾಟಲಿ: ತುಂಬುವ ಮುನ್ನ ತೊಳೆಯಿರಿ

(ಮಂಗಳೂರಿನ ಫಳ್ನೀರ್‌ನಲ್ಲಿ ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ನೀಡಿದ ಆರೋಗ್ಯ ಉಪನ್ಯಾಸದ ಬರಹ ರೂಪ)



ಹಂಪನಕಟ್ಟೆಯ ಕಡೆಯಿಂದ ಕಂಕನಾಡಿಯ ಕಡೆಗೆ ಫಳ್ನೀರ್ ರಸ್ತೆಯಲ್ಲಿ ನಡೆದು ಬಂದವರಿಗೆ ಗೊತ್ತಿರುತ್ತದೆ, ಇಲ್ಲಿ ಆಸ್ಪತ್ರೆ, ಕ್ಲಿನಿಕ್, ಲ್ಯಾಬ್, ಮೆಡಿಕಲ್ ಶಾಪ್‌ಗಳೇ ಹೆಚ್ಚು. ಕಾಸರಗೋಡು, ಸುಳ್ಯ, ಬೆಳ್ತಂಗಡಿಯಿಂದ ಹಿಡಿದು ಘಟ್ಟದ ಮೇಲಿನ ಮೂಡಿಗೆರೆ, ಮಡಿಕೇರಿಯವರೆಗಿನ ಜನ ಚಿಕಿತ್ಸೆಗಾಗಿ ಮಂಗಳೂರಿಗೆ ಬರುತ್ತಾರೆ. ಒಬ್ಬರು ಹಾಸಿಗೆಯಲ್ಲಿ, ಇಬ್ಬರು ಅವರ ಆರೈಕೆಗೆ. ಆಪರೇಷನ್ ಆಗುತ್ತದೆ, ಜ್ವರ ಇಳಿಯುತ್ತದೆ, ಡಿಸ್ಚಾರ್ಜ್ ಆಗುತ್ತದೆ. ಮನೆಗೆ ಹೊರಡುವಾಗ ಡಾಕ್ಟರು ಮಾತ್ರೆಯ ಚೀಟಿ ಕೊಡುತ್ತಾರೆ. ನರ್ಸ್ ಆದ ನಾವು ಒಂದು ಮಾತು ಹೇಳುತ್ತೇವೆ: "ರೋಗಿಯನ್ನು ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ."

ಆ ಮಾತನ್ನು ನೀವು ಪಾಲಿಸುತ್ತೀರಿ. ಆದರೆ ಯಾವ ಸೋಪು, ಅದು ಯಾವ ಬಾಟಲಿಯಲ್ಲಿದೆ, ಆ ಬಾಟಲಿಯನ್ನು ಕೊನೆಯ ಬಾರಿ ಯಾವಾಗ ತೊಳೆದಿದ್ದೀರಿ ಎಂದು ನಾವು ಕೇಳುವುದು ಕಡಿಮೆ. ಇವತ್ತು ಅದನ್ನೇ ಕೇಳಲು ಬಂದಿದ್ದೇನೆ. 2020ರ ಕೊರೊನಾ ಕಾಲದಿಂದ ಈಚೆಗೆ ಹಲವು ಮನೆಗಳ ಬಚ್ಚಲಿಗೆ ಒತ್ತುವ ಬಾಟಲಿ ಬಂದಿದೆ. ಅದರಲ್ಲೂ ಒತ್ತಿದ ಕೂಡಲೇ ಬಿಳಿ ನೊರೆ ಉದುರಿಸುವ ಬಾಟಲಿ ಮಕ್ಕಳಿಗೂ ಹಿರಿಯರಿಗೂ ಇಷ್ಟ. ಸೋಪು ಮುಗಿದ ಮೇಲೆ ಬಾಟಲಿಯನ್ನು ಎಸೆಯದೆ ಮತ್ತೆ ತುಂಬಿ ಬಳಸುತ್ತೇವೆ. ಹಣ ಉಳಿಯುತ್ತದೆ, ಪ್ಲಾಸ್ಟಿಕ್ ಕಸವೂ ಕಡಿಮೆಯಾಗುತ್ತದೆ. ಒಳ್ಳೆಯ ಅಭ್ಯಾಸವೇ. ಆದರೆ ತುಂಬುವ ಕ್ರಮ ತಪ್ಪಿದರೆ ಅದೇ ಬಾಟಲಿ ರೋಗಾಣುಗಳ ಮನೆಯಾಗುತ್ತದೆ. ಆರೋಗ್ಯವಂತರಿಗೆ ಇದರಿಂದ ಹೆಚ್ಚು ತೊಂದರೆಯಾಗದೆ ಇರಬಹುದು. ಹೊಲಿಗೆ ಹಾಕಿದ ಗಾಯ ಇರುವವರಿಗೆ, ಹಸುಗೂಸಿಗೆ, ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾದವರಿಗೆ ಇದು ಸಣ್ಣ ವಿಷಯವಲ್ಲ.

ನೊರೆ ಹೇಗೆ ಬರುತ್ತದೆ?

ನಮ್ಮ ಅಜ್ಜಿಯಂದಿರು ಅಂಟುವಾಳದ ಕಾಯಿಯನ್ನು ನೀರಿನಲ್ಲಿ ನೆನೆಸಿ ಕಿವುಚಿ ನೊರೆ ಬರಿಸುತ್ತಿದ್ದರು. ಕೈಯಿಂದ ಕಿವುಚುವಾಗ ನೀರಿನೊಳಗೆ ಗಾಳಿ ಸೇರಿ ನೊರೆ ಏಳುತ್ತಿತ್ತು. ನೊರೆ ಬಾಟಲಿಯ ಪಂಪ್ ಮಾಡುವುದೂ ಇದೇ ಕೆಲಸ. ನೀವು ಒತ್ತಿದಾಗ ಅದು ಒಂದು ಕಡೆಯಿಂದ ತೆಳು ಸೋಪಿನ ನೀರನ್ನು, ಇನ್ನೊಂದು ಕಡೆಯಿಂದ ಗಾಳಿಯನ್ನು ಎಳೆದು ಎರಡನ್ನೂ ಸಣ್ಣ ಜಾಲರಿಯ ಮೂಲಕ ನೂಕುತ್ತದೆ. ಜಾಲರಿ ದಾಟಿ ಬರುವಾಗ ಅದು ನೊರೆಯಾಗಿರುತ್ತದೆ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಈ ಬಾಟಲಿಗೆ ತೆಳುವಾದ ಸೋಪೇ ಬೇಕು. ಗಟ್ಟಿ ಹ್ಯಾಂಡ್‌ವಾಶ್ ಹಾಗೆಯೇ ತುಂಬಿದರೆ ಜಾಲರಿ ಕಟ್ಟಿಕೊಳ್ಳುತ್ತದೆ, ಪಂಪ್ ಬಿಗಿಯಾಗುತ್ತದೆ. ಎರಡು, ಒಂದು ಒತ್ತಿಗೆ ಹೊರಬರುವ ಸೋಪಿನ ನೀರು ಸಾಮಾನ್ಯವಾಗಿ ಒಂದು ಮಿಲಿಲೀಟರ್‌ಗಿಂತ ಕಡಿಮೆ. ಅಂಗೈ ತುಂಬ ಕಂಡರೂ ಅದರಲ್ಲಿ ಹೆಚ್ಚಿನದು ಗಾಳಿ. ಆದ್ದರಿಂದ ಕೈ ಕೊಳೆಯಾಗಿದ್ದರೆ ಒಂದು ಒತ್ತು ಸಾಲದು, ಎರಡು ಒತ್ತು ಬೇಕು.

ಸೋಪಿನಲ್ಲೂ ಕ್ರಿಮಿ ಬೆಳೆಯುತ್ತದೆಯೇ?

"ಸಿಸ್ಟರ್, ಸೋಪು ಎಂದರೆ ಕ್ರಿಮಿ ಕೊಲ್ಲುವ ವಸ್ತು. ಅದರೊಳಗೇ ಕ್ರಿಮಿ ಹೇಗೆ ಇರುತ್ತದೆ?" ಎಂದು ಅನೇಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

ಸಾಮಾನ್ಯ ಸೋಪಿನ ಮುಖ್ಯ ಕೆಲಸ ಜಿಡ್ಡು, ಕೊಳೆ ಮತ್ತು ಅದರ ಜೊತೆಗಿರುವ ರೋಗಾಣುಗಳನ್ನು ಚರ್ಮದಿಂದ ಬಿಡಿಸುವುದು. ಬಿಡಿಸಿದ್ದನ್ನು ನೀರು ಕೊಚ್ಚಿಕೊಂಡು ಹೋಗುತ್ತದೆ. ಕೆಲವು ರೋಗಾಣುಗಳು ಸೋಪಿನಿಂದ ಸಾಯುತ್ತವೆ, ಎಲ್ಲವೂ ಅಲ್ಲ. ಅಂಗಡಿಯ ದ್ರವ ಸೋಪು ಕೆಡದಂತೆ ತಯಾರಕರು ಅದಕ್ಕೆ ಸಂರಕ್ಷಕ ವಸ್ತುವನ್ನು ಅಳತೆ ಮಾಡಿ ಸೇರಿಸಿರುತ್ತಾರೆ. ಉಪ್ಪಿನಕಾಯಿಗೆ ಉಪ್ಪು ಹಾಕಿದ ಹಾಗೆ. ಭರಣಿಯಲ್ಲಿ ಉಪ್ಪು ಸರಿಯಾಗಿದ್ದರೆ ಮಾವಿನ ಮಿಡಿ ವರ್ಷವಿಡೀ ಕೆಡುವುದಿಲ್ಲ. ಅದೇ ಭರಣಿಗೆ ಎರಡು ಲೋಟ ನೀರು ಸುರಿದರೆ? ವಾರದಲ್ಲಿ ಬೂಷ್ಟು. ದ್ರವ ಸೋಪಿಗೆ ಮೂರು ನಾಲ್ಕು ಪಟ್ಟು ನೀರು ಬೆರೆಸಿದಾಗಲೂ ಹೀಗೆಯೇ. ಸೋಪು ತೆಳುವಾದ ಹಾಗೆ ಅದನ್ನು ಕಾಯುವ ಸಂರಕ್ಷಕವೂ ತೆಳುವಾಗುತ್ತದೆ. ಬೆರೆಸಿದ ನೀರಿನಲ್ಲಿದ್ದ ಕ್ರಿಮಿಗಳಿಗೆ ಅಲ್ಲಿ ಬೆಳೆಯಲು ಅವಕಾಶ ಸಿಗುತ್ತದೆ.

ಇನ್ನೊಂದು ತಪ್ಪು ಕ್ರಮವಿದೆ. ಬಾಟಲಿಯ ತಳದಲ್ಲಿ ಎರಡು ಬೆರಳು ಸೋಪು ಉಳಿದಿರುವಾಗಲೇ ಮೇಲಿನಿಂದ ಹೊಸದನ್ನು ಸುರಿಯುವುದು. ಮೊಸರಿನ ಪಾತ್ರೆಯ ತಳದಲ್ಲಿ ಉಳಿದದ್ದಕ್ಕೆ ಹೊಸ ಹಾಲು ಹಾಕಿದರೆ ಏನಾಗುತ್ತದೆ? ಹಳೆಯದು ಹೆಪ್ಪಾಗಿ ಹೊಸದೂ ಮೊಸರಾಗುತ್ತದೆ. ಹಳೆಯ ಸೋಪಿನಲ್ಲಿ ರೋಗಾಣು ಸೇರಿದ್ದರೆ ಹೊಸ ಸೋಪಿಗೆ ಅದೇ ಹೆಪ್ಪು. ತಿಂಗಳುಗಟ್ಟಲೆ ಹೀಗೆ ಸುರಿಯುತ್ತಾ ಹೋದರೆ ಬಾಟಲಿಯ ಒಳಗೋಡೆ, ಕೊಳವೆ, ಪಂಪಿನ ಸಂದು ಎಲ್ಲ ಕಡೆ ಕಣ್ಣಿಗೆ ಸುಲಭವಾಗಿ ಕಾಣದ ಲೋಳೆಪದರ ಹಿಡಿಯುತ್ತದೆ. ಅದನ್ನು ತಿಕ್ಕಿ ತೆಗೆಯದೆ ಎಷ್ಟು ಒಳ್ಳೆಯ ಸೋಪು ಸುರಿದರೂ ಪ್ರಯೋಜನವಿಲ್ಲ.

ಇದು ಬರೀ ಊಹೆಯಲ್ಲ

ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೀಗಿದೆ. ಒಂದು ಪ್ರಾಥಮಿಕ ಶಾಲೆಯ ಬಚ್ಚಲುಗಳಲ್ಲಿ ಮೇಲಿನಿಂದ ಸುರಿದು ತುಂಬುವ ಸೋಪಿನ ಡಬ್ಬಿಗಳಿದ್ದವು. ಅಲ್ಲಿದ್ದ 14 ಡಬ್ಬಿಗಳಲ್ಲೂ ಬ್ಯಾಕ್ಟೀರಿಯಾ ಸೇರಿಕೊಂಡಿತ್ತು. ಆ ಸೋಪಿನಿಂದ ಕೈ ತೊಳೆದ ಮಕ್ಕಳ ಮತ್ತು ಸಿಬ್ಬಂದಿಯ ಕೈಯಲ್ಲಿ ಗ್ರಾಂ ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾ, ತೊಳೆಯುವ ಮೊದಲು ಇದ್ದುದಕ್ಕಿಂತ 26 ಪಟ್ಟು ಹೆಚ್ಚಾಗಿತ್ತು. ಸ್ವಚ್ಛ ಮಾಡಲು ಹೋಗಿ ಕೈಗೆ ಕ್ರಿಮಿ ಹಚ್ಚಿಕೊಂಡಂತಾಯಿತು. ಬಳಿಕ ಸೀಲ್ ಮಾಡಿದ ಚೀಲವನ್ನೇ ಬದಲಿಸುವ ಡಬ್ಬಿಗಳನ್ನು ಹಾಕಿದರು. ಒಂದು ವರ್ಷದ ನಂತರ ನೋಡಿದಾಗ ಅವುಗಳಲ್ಲಿ ಒಂದೂ ಕೆಟ್ಟಿರಲಿಲ್ಲ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಸಾರ್ವಜನಿಕ ಶೌಚಾಲಯಗಳ ಸುರಿದು ತುಂಬುವ ಡಬ್ಬಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಕೆಟ್ಟಿತ್ತು.

ಆಸ್ಪತ್ರೆಗಳೂ ಇದಕ್ಕೆ ಹೊರತಲ್ಲ. ಫ್ರಾನ್ಸ್ ದೇಶದ ಆಸ್ಪತ್ರೆಯೊಂದರಲ್ಲಿ ಸೆರೇಷಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ರೋಗಿಗಳಲ್ಲಿ ಕಾಣಿಸಿಕೊಂಡಾಗ ಹುಡುಕುತ್ತಾ ಹೋದವರಿಗೆ ಅದು ಸಿಕ್ಕಿದ್ದು ಕೈ ತೊಳೆಯುವ ದ್ರವ ಸೋಪಿನಲ್ಲಿ. ಈ ವರದಿ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಬಚ್ಚಲಿನ ಒದ್ದೆ ಮೂಲೆಗಳಲ್ಲಿ ಗುಲಾಬಿ ಬಣ್ಣದ ಲೋಳೆ ಕಟ್ಟುವುದನ್ನು ನೀವು ನೋಡಿರಬಹುದು. ಅಂಥ ಲೋಳೆಯಲ್ಲಿ ಅನೇಕ ಬಾರಿ ಸಿಗುವುದು ಇದೇ ಸೆರೇಷಿಯಾ. ಆರೋಗ್ಯವಂತರ ಮೈಯಲ್ಲಿ ಅದು ಸಾಮಾನ್ಯವಾಗಿ ಸುಮ್ಮನಿರುತ್ತದೆ. ಗಾಯಕ್ಕೆ, ಮೂತ್ರದ ನಳಿಕೆಗೆ, ರಕ್ತಕ್ಕೆ ಸೇರಿದರೆ ತೊಂದರೆ ಕೊಡುತ್ತದೆ.

ಈ ಕಾರಣದಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು ಆಸ್ಪತ್ರೆಗಳಿಗಾಗಿ 2009ರಲ್ಲಿ ಹೊರತಂದ ಕೈ ಸ್ವಚ್ಛತೆಯ ಮಾರ್ಗಸೂಚಿಯಲ್ಲಿ, ಅರ್ಧ ಖಾಲಿಯಾದ ಸೋಪಿನ ಡಬ್ಬಿಗೆ ಮೇಲಿನಿಂದ ಸೋಪು ಸೇರಿಸಬೇಡಿ ಎಂದು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ವಾರ್ಡಿನ ಡಬ್ಬಿಯಲ್ಲಿ ಸೋಪು ಕಡಿಮೆಯಾದರೆ ಸಿಬ್ಬಂದಿಗೆ ತಿಳಿಸಿ. ನೀವಾಗಿಯೇ ಅದಕ್ಕೆ ನೀರು ಹಾಕಿ ಕುಲುಕಬೇಡಿ. "ಸ್ವಲ್ಪ ನೀರು ಹಾಕಿದರೆ ಇನ್ನೆರಡು ದಿನ ಬರುತ್ತದೆ" ಎಂಬುದು ಮಿತವ್ಯಯದ ಒಳ್ಳೆಯ ಬುದ್ಧಿಯೇ. ಆದರೆ ಆ ಎರಡು ದಿನದಲ್ಲಿ ಅದೇ ಡಬ್ಬಿಯಿಂದ ಕೈ ತೊಳೆದು ಪಕ್ಕದ ಹಾಸಿಗೆಯ ರೋಗಿಯನ್ನು ಮುಟ್ಟುವವರೂ ಇದ್ದಾರೆ.

ನಮ್ಮ ಊರಿನ ಹವೆ, ನಮ್ಮ ಊರಿನ ನೀರು

ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಆಟಿ ತಿಂಗಳಲ್ಲಿ ಒಗೆದ ಬಟ್ಟೆಯೇ ಮೂರು ದಿನವಾದರೂ ಒಣಗುವುದಿಲ್ಲ. ತೊಳೆದಿಟ್ಟ ಬಾಟಲಿಯ ಒಳಗೆ ನೀರಿನ ಹನಿ ಹಾಗೆಯೇ ಕುಳಿತಿರುತ್ತದೆ. ಒದ್ದೆ ಮತ್ತು ಸೆಕೆ ಎರಡೂ ಸೇರಿದಲ್ಲಿ ಕ್ರಿಮಿ ಬೇಗ ಬೆಳೆಯುತ್ತದೆ. ಆದ್ದರಿಂದ ಘಟ್ಟದ ಮೇಲಿನ ಒಣ ಹವೆಯವರಿಗಿಂತ ಕರಾವಳಿಯವರು ಈ ವಿಷಯದಲ್ಲಿ ಹೆಚ್ಚು ಜಾಗ್ರತೆ ವಹಿಸಬೇಕು. ಎರಡು ಬಾಟಲಿ ಇಟ್ಟುಕೊಂಡರೆ ಅನುಕೂಲ. ಒಂದು ಬಳಕೆಯಲ್ಲಿರುವಾಗ ಇನ್ನೊಂದು ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಬೋರಲಾಗಿ ಒಣಗುತ್ತಿರಲಿ.

ನೀರಿನ ಮಾತು. ಜಿಲ್ಲೆಯಲ್ಲಿ ಬಾವಿ ನೀರು ಬಳಸುವ ಮನೆಗಳು ಬಹಳ. ಬಾವಿಯ ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಮಳೆಗಾಲದಲ್ಲಿ ಮೇಲಿನ ನೀರು ಇಳಿದು ಅದರಲ್ಲಿ ಕ್ರಿಮಿ ಸೇರಿರಬಹುದು. ಟ್ಯಾಂಕಿಯ ನೀರೂ ಅಷ್ಟೇ. ಕೈ ತೊಳೆಯುವಾಗ ಆ ನೀರು ಹರಿದು ಹೋಗುತ್ತದೆ, ಚಿಂತೆಯಿಲ್ಲ. ಸೋಪಿಗೆ ಬೆರೆಸಿದ ನೀರು ಮಾತ್ರ ವಾರಗಟ್ಟಲೆ ಬಾಟಲಿಯಲ್ಲೇ ನಿಲ್ಲುತ್ತದೆ. ಹಾಗಾಗಿ ಸೋಪು ತೆಳು ಮಾಡಲು ಕುದಿಸಿ ಆರಿಸಿದ ನೀರನ್ನೇ ಬಳಸಿ. ಕುಡಿಯಲು ಹೇಗೂ ಕುದಿಸುತ್ತೀರಿ, ಅದರಲ್ಲೇ ಒಂದು ಲೋಟ ತೆಗೆದಿಡಿ.

ನೀರಿನ ಉಳಿತಾಯವನ್ನೂ ಹೇಳಬೇಕು. ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೇತ್ರಾವತಿ ನೀರು ಇಳಿದಾಗ ನಗರಕ್ಕೆ ಏನಾಗುತ್ತದೆ ಎಂಬುದನ್ನು 2019ರ ಬೇಸಿಗೆಯಲ್ಲಿ ಮಂಗಳೂರಿನವರು ಕಂಡಿದ್ದಾರೆ. ಪಾಳಿಯ ಪ್ರಕಾರ ನೀರು ಬಿಡಬೇಕಾಗಿ ಬಂತು. ನೊರೆ ಬೇಗ ಹರಡುತ್ತದೆ, ಬೇಗ ತೊಳೆದು ಹೋಗುತ್ತದೆ. ಉಜ್ಜುವಷ್ಟು ಹೊತ್ತು ನಲ್ಲಿ ನಿಲ್ಲಿಸಿದರೆ ನೀರೂ ಉಳಿಯುತ್ತದೆ, ಕೈಯೂ ಶುದ್ಧವಾಗುತ್ತದೆ.

ಬಾಟಲಿ ತುಂಬುವ ಸರಿಯಾದ ಕ್ರಮ

ಮೊದಲು ಪೊಟ್ಟಣದ ಮೇಲಿನ ಬರಹ ಓದಿ. ಅಂಗಡಿಯಲ್ಲಿ ಎರಡು ಬಗೆಯ ಪೊಟ್ಟಣ ಸಿಗುತ್ತದೆ. ನೊರೆ ಬಾಟಲಿಗೆಂದೇ ತಯಾರಿಸಿದ್ದು ಒಂದು. ಇದಕ್ಕೆ ನೀರು ಸೇರಿಸುವುದು ಬೇಡ, ಇದೇ ಹೆಚ್ಚು ಸುರಕ್ಷಿತ. ಸಾಮಾನ್ಯ ಗಟ್ಟಿ ಹ್ಯಾಂಡ್‌ವಾಶ್ ಇನ್ನೊಂದು. ಅದನ್ನು ತೆಳು ಮಾಡಿಕೊಳ್ಳಬೇಕು. ನೀರಿನಲ್ಲಿ ಕಲಸುವ ಪುಡಿಯ ಪೊಟ್ಟಣವೂ ಕೆಲವು ವರ್ಷಗಳಿಂದ ಸಿಗುತ್ತಿದೆ. ಅದರ ಮೇಲೆ ಬರೆದ ಅಳತೆಯನ್ನೇ ಅನುಸರಿಸಿ.

1. ಬಾಟಲಿಯಲ್ಲಿ ಇರುವುದು ಪೂರ್ತಿ ಮುಗಿಯಲಿ. ತಳದಲ್ಲಿ ಉಳಿದದ್ದನ್ನು ಚೆಲ್ಲಿಬಿಡಿ.

2. ಪಂಪ್ ಬಿಚ್ಚಿ. ಕೊಳವೆ ಕಳಚುವಂತಿದ್ದರೆ ಅದನ್ನೂ ಬೇರೆ ಮಾಡಿ.

3. ಬಾಟಲಿಯ ಒಳಭಾಗವನ್ನು ಬ್ರಶ್ಶಿನಿಂದ, ಪಾತ್ರೆ ತೊಳೆಯುವ ಸೋಪು ಹಾಕಿ ತಿಕ್ಕಿ. ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಕುದಿಯುವ ನೀರು ಹಾಕಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

4. ಒಂದು ಲೋಟ ಬಿಸಿ ನೀರಿನಲ್ಲಿ ಪಂಪಿನ ಕೊಳವೆ ಅದ್ದಿ 15-20 ಸಲ ಒತ್ತಿ. ನೊರೆ ನಿಂತು ಬರೀ ನೀರು ಬರುವವರೆಗೆ ಒತ್ತಬೇಕು. ಮತ್ತೆ ಹೊರಗೆ ತೆಗೆದು ಒತ್ತಿ ಒಳಗಿನ ನೀರನ್ನೆಲ್ಲ ಹೊರಹಾಕಿ.

5. ಬಾಟಲಿ ಮತ್ತು ಪಂಪನ್ನು ಬೇರೆ ಬೇರೆಯಾಗಿ ಒಂದು ದಿನ ಪೂರ್ತಿ ಒಣಗಿಸಿ. ಬೇಸಿಗೆಯಾದರೆ ಬಿಸಿಲಿಗಿಡಿ.

6. ಕುದಿಸಿ ಆರಿಸಿದ ನೀರು 150 ಮಿ.ಲೀ. ಮೊದಲು ಹಾಕಿ, ನಂತರ 50 ಮಿ.ಲೀ. ಹ್ಯಾಂಡ್‌ವಾಶ್ ಸೇರಿಸಿ. ಅಂದರೆ ಒಂದು ಪಾಲು ಸೋಪಿಗೆ ಮೂರು ಪಾಲು ನೀರು. ಸೋಪನ್ನು ಮೊದಲು ಹಾಕಿದರೆ ನೀರು ಬಿದ್ದಾಗ ನೊರೆ ಉಕ್ಕಿ ಬಾಟಲಿ ಬೇಗ ತುಂಬಿದಂತೆ ಕಾಣುತ್ತದೆ. ಕುಲುಕಬೇಡಿ, ಮೆಲ್ಲಗೆ ತಿರುಗಿಸಿ ಬೆರೆಸಿ. ಬಾಟಲಿಯ ಕುತ್ತಿಗೆಯ ಹತ್ತಿರ ಪಂಪಿಗೆ ಜಾಗ ಬಿಡಿ.

7. ಒಂದು ಚೀಟಿ ಅಂಟಿಸಿ "ಕೈ ತೊಳೆಯುವ ಸೋಪು" ಎಂದು ಬರೆದು ತುಂಬಿದ ತಾರೀಕನ್ನೂ ಹಾಕಿ.

8. ಎರಡು ವಾರದೊಳಗೆ ಮುಗಿಸಿ. ಉಳಿದರೆ ಚೆಲ್ಲಿ, ಬಾಟಲಿ ತೊಳೆದು ಹೊಸದಾಗಿ ಮಾಡಿಕೊಳ್ಳಿ.

ಎರಡು ವಾರ ಎಂದು ಏಕೆ ಹೇಳುತ್ತೇನೆ? ಲೆಕ್ಕ ನೋಡಿ. ಒಂದು ಒತ್ತಿಗೆ ಮುಕ್ಕಾಲು ಮಿ.ಲೀ. ಎಂದು ಹಿಡಿದರೆ 200 ಮಿ.ಲೀ.ಯಲ್ಲಿ ಸುಮಾರು 265 ಒತ್ತು ಆಗುತ್ತದೆ. ನಾಲ್ಕು ಜನರ ಮನೆಯಲ್ಲಿ ಒಬ್ಬೊಬ್ಬರು ಸಲಕ್ಕೆ ಒಂದೇ ಒತ್ತಿನಂತೆ ದಿನಕ್ಕೆ ಐದು ಸಲ ತೊಳೆದರೂ 13 ದಿನಕ್ಕೆ ಮುಗಿಯುತ್ತದೆ. ಅಷ್ಟೇ ಮಾಡಿಕೊಂಡರೆ ಸಾಕು. ಒಂದು ಲೀಟರ್ ಕಲಸಿ ತಿಂಗಳಿಗೆಲ್ಲ ಆಗಲಿ ಎಂದು ಇಡಬೇಡಿ. ಹಿಟ್ಟು ರುಬ್ಬುವಾಗ ಹೇಗೆ ಬೇಕಾದಷ್ಟೇ ರುಬ್ಬುತ್ತೀರೋ ಹಾಗೆ.

ಸೋಪು ನೀರುನೀರಾಗಿ ಎಳೆ ಬಂದರೆ, ಬಣ್ಣ ತಿರುಗಿದರೆ, ಮುಗ್ಗಲು ವಾಸನೆ ಬಂದರೆ ಅದು ಕೆಟ್ಟಿದೆ. ಆದರೆ ಕೆಟ್ಟ ಸೋಪೆಲ್ಲ ವಾಸನೆ ಬರುವುದಿಲ್ಲ. ತಾರೀಕು ನೋಡಿ ನಡೆಯುವುದೇ ಸರಿ. ಬಾಟಲಿಯ ಒಳಗೆ ಲೋಳೆ ಕೈಗೆ ಸಿಕ್ಕರೆ, ಪಂಪ್ ಎಷ್ಟು ತೊಳೆದರೂ ಕಟ್ಟಿಕೊಂಡರೆ ಅಂಥ ಬಾಟಲಿಯನ್ನು ಬಿಟ್ಟುಬಿಡಿ.

ಯಾರ ಮನೆಯಲ್ಲಿ ಇನ್ನೂ ಹೆಚ್ಚು ಜಾಗ್ರತೆ?

ಕ್ಯಾನ್ಸರಿಗೆ ಕೀಮೋಥೆರಪಿ ತೆಗೆದುಕೊಳ್ಳುತ್ತಿರುವವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಮೂತ್ರದ ನಳಿಕೆ ಹಾಕಿಕೊಂಡು ಮನೆಗೆ ಹೋದವರು, ದೊಡ್ಡ ಆಪರೇಷನ್ ಅಥವಾ ಸಿಸೇರಿಯನ್ ಹೊಲಿಗೆ ಮಾಗದವರು, ಸುಟ್ಟ ಗಾಯದವರು, ತೂಕ ಕಡಿಮೆ ಇರುವ ಅಥವಾ ತಿಂಗಳು ತುಂಬದೆ ಹುಟ್ಟಿದ ಮಗು ಇರುವವರು. ಇಂಥವರ ಮನೆಯಲ್ಲಿ ಮನೆಯಲ್ಲೇ ತೆಳು ಮಾಡಿ ತುಂಬಿದ ಬಾಟಲಿ ಸದ್ಯಕ್ಕೆ ಬೇಡ ಎಂಬುದು ನನ್ನ ಸಲಹೆ. ಗುಣವಾಗುವವರೆಗೆ ಸೀಲ್ ಒಡೆಯದ ಹೊಸ ಬಾಟಲಿ ತಂದು, ಮುಗಿದ ಮೇಲೆ ಮತ್ತೊಂದು ಹೊಸದನ್ನು ಬಳಸಿ. ಹಣದ ಅಡಚಣೆ ಇದ್ದರೆ ಸಾಮಾನ್ಯ ಬಿಲ್ಲೆ ಸೋಪು ಸಾಕು.

ಬಿಲ್ಲೆ ಸೋಪಿಗೆ ಎಲ್ಲರೂ ಕೈ ಹಾಕುತ್ತಾರಲ್ಲ, ಅದು ಕೊಳಕಲ್ಲವೇ ಎಂದು ನೀವು ಕೇಳಬಹುದು. 1988ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಬಿಲ್ಲೆ ಸೋಪಿಗೆ ಬೇಕೆಂದೇ ಬ್ಯಾಕ್ಟೀರಿಯಾ ಹಚ್ಚಿ ಅದರಿಂದ ಜನರಿಗೆ ಕೈ ತೊಳೆಸಿದರು. ತೊಳೆದ ಮೇಲೆ ಆ ಬ್ಯಾಕ್ಟೀರಿಯಾ ಅವರ ಕೈಯಲ್ಲಿ ಪತ್ತೆಯಾಗುವಷ್ಟು ಉಳಿದಿರಲಿಲ್ಲ. ಬಿಲ್ಲೆ ನೀರಿನಲ್ಲಿ ಮುಳುಗಿ ಕೊಳೆಯಬಾರದು ಅಷ್ಟೇ. ತೂತುಗಳಿರುವ ಸೋಪಿನ ಪೆಟ್ಟಿಗೆಯಲ್ಲಿ ನೀರು ಬಸಿದು ಒಣಗುವಂತೆ ಇಡಿ. ನಮ್ಮ ರಾಜ್ಯದಲ್ಲಿ ಸರ್ಕಾರವೇ 1916ರಲ್ಲಿ ಸೋಪು ಮಾಡಲು ಹೊರಟಿತು. ಆ ಮೈಸೂರು ಸ್ಯಾಂಡಲ್ ಬಿಲ್ಲೆಯನ್ನು ಬಳಸಿದ ಮನೆಗಳು ಎಷ್ಟಿಲ್ಲ! ಬಿಲ್ಲೆ ಹಳೆಯ ಕಾಲದ್ದು ಎಂದು ತಳ್ಳಿಹಾಕುವ ಕಾರಣವಿಲ್ಲ.

ಹಾಗಾದರೆ ನೊರೆ ಬಾಟಲಿ ಯಾರಿಗೆ ಉಪಯೋಗ? ಒಂದು ಕೈಗೆ ಪ್ಲಾಸ್ಟರ್ ಹಾಕಿದವರಿಗೆ, ಪಾರ್ಶ್ವವಾಯು ಆದವರಿಗೆ, ಬೆರಳ ಗಂಟು ನೋವಿರುವ ಅಜ್ಜ ಅಜ್ಜಿಯಂದಿರಿಗೆ ಬಿಲ್ಲೆ ಹಿಡಿದು ಉಜ್ಜುವುದು ಕಷ್ಟ. ಕೈ ಜಾರಿ ಬಿದ್ದ ಸೋಪನ್ನು ಹೆಕ್ಕಲು ಬಗ್ಗಿ, ತಾವೇ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯವಿದೆ. ಅಂಥವರಿಗೆ ನೊರೆ ಬಾಟಲಿ ನಿಜವಾಗಿ ಸಹಾಯ. ಅದು ಹಗುರವಾಗಿದ್ದರೆ ಜಾರುತ್ತದೆ, ಆದ್ದರಿಂದ ಗೋಡೆಯ ಹಿಡಿಕೆಯಲ್ಲಿ ಕೂರಿಸಿ. ಕೆಳಗೆ ಬಿದ್ದ ನೊರೆಯನ್ನು ಕೂಡಲೇ ನೀರು ಹಾಕಿ ತೊಳೆಯಿರಿ.

ನೊರೆಯ ಮೋಸ

ಬಿಲ್ಲೆ ಸೋಪಿನಲ್ಲಿ ನೊರೆ ಬರುವವರೆಗೆ ಉಜ್ಜಲೇಬೇಕು. ಆ ಉಜ್ಜುವಿಕೆಯಲ್ಲೇ ಅರ್ಧ ಕೆಲಸ ಆಗಿರುತ್ತದೆ. ನೊರೆ ಬಾಟಲಿಯಲ್ಲಿ ನೊರೆ ಮೊದಲೇ ಬಂದಿರುವುದರಿಂದ ಅಂಗೈಗೆ ಸವರಿ ತಕ್ಷಣ ನೀರಿಗೆ ಹಿಡಿಯುವವರು ಹೆಚ್ಚು. 2017ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಕೈಯ ರೋಗಾಣು ಕಡಿಮೆ ಮಾಡುವುದರಲ್ಲಿ ನೊರೆ ಸೋಪು ದ್ರವ ಸೋಪಿಗಿಂತ ಹಿಂದೆ ಬಿತ್ತು. ಹಾಗಾಗಿ ನೊರೆ ಬಳಸುವವರು ಪ್ರಮಾಣ ಮತ್ತು ಸಮಯ ಎರಡನ್ನೂ ನೋಡಬೇಕು.

ಕೈ ಒದ್ದೆ ಮಾಡಿ, ಎರಡು ಒತ್ತು ನೊರೆ ತೆಗೆದುಕೊಳ್ಳಿ. ಅಂಗೈ ಅಂಗೈ ಉಜ್ಜಿ, ಕೈಯ ಹಿಂಭಾಗ, ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ, ಮಣಿಕಟ್ಟು. ಕನಿಷ್ಠ 20 ಸೆಕೆಂಡು, ಮನಸ್ಸಿನಲ್ಲೇ ನಿಧಾನವಾಗಿ ಇಪ್ಪತ್ತು ಎಣಿಸಿ. ಒದ್ದೆ ಮಾಡುವುದರಿಂದ ಒರೆಸುವವರೆಗೆ ಎಲ್ಲ ಸೇರಿ 40ರಿಂದ 60 ಸೆಕೆಂಡು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೊನೆಗೆ ಒಗೆದು ಒಣಗಿಸಿದ ಬಟ್ಟೆಯಲ್ಲಿ ಒರೆಸಿ. ಎಲ್ಲರೂ ಒರೆಸಿದ ಒದ್ದೆ ಟವೆಲ್ಲಿಗೆ ಅಥವಾ ಸೀರೆಯ ಸೆರಗಿಗೆ ಒರೆಸಿದರೆ ತೊಳೆದದ್ದು ವ್ಯರ್ಥ. ಬಳೆ, ಉಂಗುರದ ಅಡಿಯನ್ನು ಮರೆಯಬೇಡಿ.

ನೀವು ಕೇಳುವ ಕೆಲವು ಪ್ರಶ್ನೆಗಳು

*ಉಳಿದ ಸೋಪಿನ ಚೂರುಗಳನ್ನು ನೀರಿನಲ್ಲಿ ಕರಗಿಸಿ ನೊರೆ ಬಾಟಲಿಗೆ ಹಾಕಬಹುದೇ?*

ಬೇಡ ಅಮ್ಮ. ಆ ನೀರನ್ನು ಕೆಡದಂತೆ ಕಾಯಲು ಬೇಕಾದಷ್ಟು ಸಂರಕ್ಷಕ ಅದರಲ್ಲಿ ಇರುವುದಿಲ್ಲ. ಆರಿದ ಮೇಲೆ ಅದು ಲೋಳೆಯಾಗಿ ಜಾಲರಿಯನ್ನೂ ಕಟ್ಟುತ್ತದೆ. ಚೂರನ್ನು ಹೊಸ ಬಿಲ್ಲೆಗೆ ಒತ್ತಿ ಅಂಟಿಸಿ ಬಳಸಿ, ಏನೂ ಹಾಳಾಗುವುದಿಲ್ಲ.

*ಸೋಪಿನ ನೀರಿಗೆ ಸ್ವಲ್ಪ ಡೆಟಾಲ್ ಹಾಕಿದರೆ ಕೆಡುವುದಿಲ್ಲ ಅಲ್ಲವೇ?*

ಮನೆಯಲ್ಲಿ ಅಂದಾಜಿಗೆ ಬೆರೆಸಿದರೆ ಅದು ಎಷ್ಟು ಕೆಲಸ ಮಾಡುತ್ತದೆ ಎಂದು ಹೇಳಲಾಗದು, ಚರ್ಮ ಉರಿಯಬಹುದು. ಫಿನಾಯಿಲ್, ಬ್ಲೀಚಿಂಗ್ ನೀರು ಇವನ್ನಂತೂ ಸೇರಿಸಲೇಬಾರದು.

*ಕ್ರಿಮಿನಾಶಕ ಎಂದು ಬರೆದ ದುಬಾರಿ ಸೋಪೇ ಬೇಕೇ?*

ಮನೆ ಬಳಕೆಗೆ ಬೇಕಾಗಿಲ್ಲ. ಸಾದಾ ಸೋಪಿಗಿಂತ ಹೆಚ್ಚು ಪ್ರಯೋಜನವಿದೆ ಎಂಬುದಕ್ಕೆ ಆಧಾರ ಸಾಲದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2016ರಲ್ಲಿ ಟ್ರೈಕ್ಲೋಸಾನ್ ಸೇರಿದಂತೆ 19 ರಾಸಾಯನಿಕಗಳನ್ನು ಮನೆ ಬಳಕೆಯ ಕೈ ತೊಳೆಯುವ ಸೋಪುಗಳಿಂದ ಕೈಬಿಡಲು ಆದೇಶಿಸಿತು. ಆ ಹಣಕ್ಕೆ ರೋಗಿಗೆ ಹಣ್ಣು ತನ್ನಿ.

*ಖಾಲಿ ನೊರೆ ಬಾಟಲಿಗೆ ಸ್ಯಾನಿಟೈಸರ್ ತುಂಬಬಹುದೇ?*

ಬೇಡ. ಆ ಪಂಪು ಅದಕ್ಕೆಂದು ಮಾಡಿದ್ದಲ್ಲ. ಶೌಚದ ನಂತರ, ಭೇದಿಯ ರೋಗಿಯನ್ನು ಆರೈಕೆ ಮಾಡಿದ ನಂತರ ಸ್ಯಾನಿಟೈಸರ್ ಸಾಲದು, ಸೋಪು ನೀರೇ ಬೇಕು.

*ಹಲಸಿನ ಮೇಣ ನೊರೆಗೆ ಹೋಗುವುದೇ ಇಲ್ಲವಲ್ಲ?*

ಹೌದಣ್ಣ, ಅದಕ್ಕೆ ತೆಂಗಿನೆಣ್ಣೆಯೇ ಮದ್ದು. ಎಣ್ಣೆಯಲ್ಲಿ ಬಿಡಿಸಿ, ಒರೆಸಿ, ಆಮೇಲೆ ಸೋಪು ಹಾಕಿ.

*ಈ ನೊರೆಯಿಂದ ಗಾಯ ತೊಳೆಯಬಹುದೇ?*

ಇಲ್ಲ. ಇದು ಗಾಯವನ್ನು ಮುಟ್ಟುವವರ ಕೈಗೆ. ಗಾಯವನ್ನು ಡಾಕ್ಟರು ಹೇಳಿದ ಕ್ರಮದಲ್ಲೇ ಶುಚಿ ಮಾಡಿ.

ಕೊನೆಯದಾಗಿ ಮಕ್ಕಳಿರುವ ಮನೆಯವರಿಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಫಿನಾಯಿಲನ್ನು ನೀರಿನ ಬಾಟಲಿಗೆ, ಆ್ಯಸಿಡನ್ನು ಜ್ಯೂಸ್ ಬಾಟಲಿಗೆ ತುಂಬಿಡುವ ಅಭ್ಯಾಸವಿದೆ. ಹಾಗೆಯೇ ಖಾಲಿ ಸೋಪಿನ ಬಾಟಲಿಗೆ ನೆಲ ತೊಳೆಯುವ ದ್ರಾವಣ ತುಂಬುವವರೂ ಇದ್ದಾರೆ. ದಯವಿಟ್ಟು ಮಾಡಬೇಡಿ. ಬಾಟಲಿಯ ಮೇಲೆ ಬರೆದದ್ದೇ ಒಳಗೆ ಇರಬೇಕು. ರಾತ್ರಿ ಕನ್ನಡಕ ಇಲ್ಲದೆ ಬಚ್ಚಲಿಗೆ ಹೋಗುವ ಅಜ್ಜನಿಗೂ, ಓದಲು ಬಾರದ ಮಗುವಿಗೂ ಅದೇ ರಕ್ಷಣೆ.

ಹೆದರಿ ಕೈ ತೊಳೆಯುವುದನ್ನು ಬಿಡಬೇಡಿ

ಇಷ್ಟೆಲ್ಲ ಕೇಳಿ "ಸೋಪಿನ ಸಹವಾಸವೇ ಬೇಡ" ಎಂದು ಯಾರೂ ತೀರ್ಮಾನಿಸಬಾರದು. ಕೈ ತೊಳೆಯದೆ ಇರುವುದರಿಂದ ಆಗುವ ಹಾನಿ ಬಹಳ ದೊಡ್ಡದು. ಭೇದಿ, ಟೈಫಾಯಿಡ್, ಜಾಂಡಿಸ್, ನೆಗಡಿ ಜ್ವರ ಇವೆಲ್ಲ ಕೈಯಿಂದ ಬಾಯಿಗೆ, ಮೂಗಿಗೆ ದಾಟುತ್ತವೆ. 2008ರಿಂದ ಪ್ರತಿ ವರ್ಷ ಅಕ್ಟೋಬರ್ 15ರಂದು ವಿಶ್ವ ಕೈ ತೊಳೆಯುವ ದಿನ ಆಚರಿಸುವುದು ಇದಕ್ಕಾಗಿಯೇ. ತಾರೀಕು ದಾಟಿದ ಬಾಟಲಿ ಮಾತ್ರ ಎದುರಿಗಿದ್ದರೆ ಅದನ್ನು ಬದಿಗಿಟ್ಟು ಬಿಲ್ಲೆ ಸೋಪು ತರಿಸಿ. ಇಷ್ಟೇ ವಿಷಯ.

ಬಂಧುಗಳೇ, ಮನೆಗೆ ತಲುಪಿದ ದಿನವೇ ರೋಗಿಯನ್ನು ಹಾಸಿಗೆಯಲ್ಲಿ ಮಲಗಿಸಿದ ಮೇಲೆ ಬಚ್ಚಲಿಗೆ ಹೋಗಿ ಆ ಬಾಟಲಿಯನ್ನು ಕೈಗೆತ್ತಿಕೊಳ್ಳಿ. ಯಾವಾಗ ತುಂಬಿದ್ದೆಂದು ನೆನಪಿಲ್ಲದಿದ್ದರೆ ಚೆಲ್ಲಿಬಿಡಿ. ಒಳಗೆ ಇರುವುದು ಹೆಚ್ಚೆಂದರೆ ಕೆಲವು ರೂಪಾಯಿಯ ಸೋಪು. ಆಪರೇಷನ್ನಿಗಾಗಿ ಸಾಲ ಮಾಡಿ, ಒಡವೆ ಅಡವಿಟ್ಟು ಇಲ್ಲಿಯವರೆಗೆ ಬಂದಿದ್ದೀರಿ. ಹೊಲಿಗೆ ಕೀವಾಗಿ ಮತ್ತೆ ಇದೇ ವಾರ್ಡಿಗೆ ಬರುವಂತಾಗಬಾರದು. ಮನೆಯಲ್ಲಿ ಯಾರಾದರೂ ಒಬ್ಬರು, ಶಾಲೆಗೆ ಹೋಗುವ ಮಗುವಾದರೂ ಸರಿ, ಚೀಟಿಯ ಮೇಲಿನ ತಾರೀಕು ನೋಡುವ ಜವಾಬ್ದಾರಿ ವಹಿಸಿಕೊಳ್ಳಲಿ.

ಗಾಯ ಕೆಂಪಾದರೆ, ಊದಿದರೆ, ಕೀವು ಬಂದರೆ, ಜ್ವರ ಬಂದರೆ ಮನೆಮದ್ದು ಮಾಡುತ್ತಾ ದಿನ ಕಳೆಯದೆ ಕೂಡಲೇ ಆಸ್ಪತ್ರೆಗೆ ಬನ್ನಿ. ಸಂದೇಹವಿದ್ದರೆ ವಾರ್ಡಿನ ಯಾವ ಸಿಸ್ಟರನ್ನಾದರೂ ಕೇಳಿ, ಸಂಕೋಚ ಬೇಡ.

 ನಿಮ್ಮವರು ಬೇಗ ಗುಣಮುಖರಾಗಲಿ.